ವರನ ಬೆರಳಿಗೆ ಯಾವ ಲೋಹ?

ಬೆಂಗಳೂರಿನ ನಗರ್ತಪೇಟೆಯ ಒಂದು ಪುಟ್ಟ ಆಭರಣದ ಅಂಗಡಿ. ಗಾಜಿನ ಪೆಟ್ಟಿಗೆಯ ಮೇಲೆ ಹಾಸಿದ ಮಖಮಲ್ಲಿನ ಮೇಲೆ ಅಂಗಡಿಯವರು ಐದು ಉಂಗುರಗಳನ್ನು ಸಾಲಾಗಿ ಇಟ್ಟರು. ಒಂದು ಹಳದಿ, ಒಂದು ತುಸು ಕೆಂಪು, ಮೂರು ಬಿಳಿ. ನನ್ನ ಅಣ್ಣ ನೋಡುತ್ತಿದ್ದುದು ಉಂಗುರಗಳನ್ನು. ಪಕ್ಕದಲ್ಲಿದ್ದ ಅವನ ಭಾವಿ ಮಾವ ನೋಡುತ್ತಿದ್ದುದು ತಕ್ಕಡಿಯ ಅಂಕಿಗಳನ್ನು.

"ಒಂದೇ ಸಲ ಮಾಡಿಸೋದು ಅಳಿಯಂದ್ರೇ, ಎಂಟು ಗ್ರಾಂ ಆದ್ರೂ ಇರ್ಲಿ" ಎಂದರು ಮಾವ. ಮಾತಿನಲ್ಲಿ ಪ್ರೀತಿಯಿತ್ತು. ಧ್ವನಿಯಲ್ಲಿ ಸಾಲದ ಲೆಕ್ಕವೂ ಇತ್ತು. ಅಣ್ಣ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವವನು. ಯಂತ್ರದ ಮುಂದೆ ನಿಂತಾಗ ಬೆರಳಲ್ಲಿ ಉಂಗುರ ಇರಕೂಡದು ಎಂಬುದು ಅಲ್ಲಿನ ನಿಯಮ. ಹಾಗಿರುವಾಗ ಈ ಎಂಟು ಗ್ರಾಂ ಯಾರಿಗಾಗಿ? ಯಾವ ಲೋಹ? ಸರಳವೆಂದು ತೋರುವ ಈ ಪ್ರಶ್ನೆಯ ಹಿಂದೆ ಧರ್ಮವಿದೆ, ಯುದ್ಧವಿದೆ, ಸರಕಾರದ ಕಾನೂನಿದೆ, ರಸಾಯನಶಾಸ್ತ್ರವೂ ಇದೆ.

ಹುಲ್ಲಿನ ಉಂಗುರ, ಕಬ್ಬಿಣದ ಉಂಗುರ

ನಮ್ಮಲ್ಲಿ ಗಂಡಸರು ಉಂಗುರ ತೊಡುವುದು ಹೊಸದಲ್ಲ. ಆದರೆ ಅದು ಮದುವೆಯ ಗುರುತಾಗಿರಲಿಲ್ಲ. ರಾಮ ಹನುಮಂತನ ಕೈಯಲ್ಲಿ ಕಳಿಸಿದ್ದು ಮುದ್ರೆಯುಂಗುರ. ದುಷ್ಯಂತ ಶಕುಂತಲೆಗೆ ಕೊಟ್ಟದ್ದೂ ಹೆಸರು ಕೆತ್ತಿದ ಉಂಗುರವೇ. ಇಂದಿನ ಸಹಿ, ಮೊಹರುಗಳ ಕೆಲಸವನ್ನು ಅವು ಮಾಡುತ್ತಿದ್ದವು. ಮದುವೆಯಾದವಳು ಎಂದು ತಿಳಿಸುವ ತಾಳಿ, ಕಾಲುಂಗುರಗಳು ಹೆಣ್ಣಿನ ಮೈಮೇಲಿದ್ದವು. ಗಂಡಿಗೆ ಅಂಥ ಗುರುತು ಬೇಕೆಂದು ಯಾರಿಗೂ ಅನಿಸಿದಂತಿಲ್ಲ.

ವೈದಿಕ ವಿಧಿಯಿಂದ ನಡೆಯುವ ಮದುವೆಗಳಲ್ಲಿ ಮಾತ್ರ ವರನ ಉಂಗುರ ಬೆರಳಿಗೆ ಒಂದು ಉಂಗುರ ಏರುತ್ತದೆ. ಅದು ಲೋಹದ್ದಲ್ಲ, ದರ್ಭೆಯದು. ಪವಿತ್ರವೆಂದು ಕರೆಯುವ ಈ ಹುಲ್ಲಿನ ಉಂಗುರವನ್ನು ಕರ್ಮ ಮುಗಿದೊಡನೆ ಬಿಚ್ಚಿಬಿಡುತ್ತಾರೆ. ಅದೇ ಗಂಟಿನ ಆಕಾರದಲ್ಲಿ ಚಿನ್ನದಿಂದ ಮಾಡಿಸಿಕೊಂಡದ್ದು ಪವಿತ್ರದುಂಗುರ.

ಮದುವೆಗೆ ಉಂಗುರ ಎಂಬ ಪದ್ಧತಿಯ ಜಾಡು ಹಿಡಿದು ಹೋದರೆ ರೋಮ್ ಸಿಗುತ್ತದೆ. ನಿಶ್ಚಯವಾದ ಹೆಣ್ಣಿಗೆ ಕಲ್ಲಿಲ್ಲದ ಕಬ್ಬಿಣದ ಉಂಗುರ ಕಳಿಸುವ ರೂಢಿ ತನ್ನ ಕಾಲದಲ್ಲೂ ಇದೆ ಎಂದು ಮೊದಲನೆಯ ಶತಮಾನದ ಲೇಖಕ ಪ್ಲಿನಿ ಬರೆದಿದ್ದಾನೆ. ಅಂದರೆ ಮದುವೆಯ ಉಂಗುರದ ಚರಿತ್ರೆ ಶುರುವಾಗುವುದು ಚಿನ್ನದಿಂದಲ್ಲ. ಅಲ್ಲಿಯೂ ಉಂಗುರ ಹೆಣ್ಣಿಗೆ ಮಾತ್ರ. ರೋಮನ್ ಕ್ಯಾಥೊಲಿಕ್ ಸಭೆಯ 1614ರ ವಿಧಿಗ್ರಂಥದಲ್ಲಿ ಆಶೀರ್ವದಿಸಲು ಹೇಳಿದ್ದು ಒಂದೇ ಉಂಗುರವನ್ನು, ಅದು ವಧುವಿನದು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮಾತ್ರ ಇಬ್ಬರಿಗೂ ಉಂಗುರ ಇಟ್ಟುಕೊಂಡಿದ್ದವು. ಅವರ ಹಳೆಯ ವಿಧಿಗಳಲ್ಲಿ ವರನಿಗೆ ಚಿನ್ನ, ವಧುವಿಗೆ ಬೆಳ್ಳಿ.

ಇಂಗ್ಲೆಂಡ್, ಅಮೆರಿಕಗಳಲ್ಲಿ ಗಂಡಸಿನ ಮದುವೆ ಉಂಗುರ ಸಾಮಾನ್ಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1926ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳು ಗಂಡಸರಿಗೂ ನಿಶ್ಚಿತಾರ್ಥದ ಉಂಗುರ ಮಾರಲು ಜಾಹೀರಾತಿನ ಸುರಿಮಳೆಗರೆದು ಸೋತರು. ಜಾಹೀರಾತು ಮಾಡಲಾಗದ್ದನ್ನು ಎರಡನೆಯ ಮಹಾಯುದ್ಧ ಮಾಡಿತು. ದೂರದ ರಣರಂಗಕ್ಕೆ ಹೊರಟ ಯುವಕರು ಮನೆಯ ನೆನಪಿಗೆ ಬೆರಳಲ್ಲಿ ಉಂಗುರ ಹೊತ್ತರು. 1940ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಎರಡು ಉಂಗುರದ ಮದುವೆಯೇ ರೂಢಿಯಾಯಿತು. ಕ್ಯಾಥೊಲಿಕ್ ಸಭೆ 1969ರ ಪರಿಷ್ಕೃತ ವಿಧಿಯಲ್ಲಿ ಇಬ್ಬರ ಉಂಗುರಕ್ಕೂ ಸ್ಥಾನ ಕೊಟ್ಟಿತು. ಹೀಗಿದ್ದರೂ 2011ರಲ್ಲಿ ಮದುವೆಯಾದ ಬ್ರಿಟನ್ನಿನ ರಾಜಕುಮಾರ ವಿಲಿಯಂ ತಾನು ಉಂಗುರ ತೊಡುವುದಿಲ್ಲ ಎಂದು ಮೊದಲೇ ತಿಳಿಸಿದ್ದರು.

ನಮ್ಮ ನಾಡಿನಲ್ಲಿ ಕರಾವಳಿಯ ಕ್ರೈಸ್ತರ ಮದುವೆಗಳಲ್ಲಿ ಉಂಗುರ ವಿಧಿಯ ಭಾಗ. ಹಿಂದೂ ಕುಟುಂಬಗಳಲ್ಲಿ ನಿಶ್ಚಿತಾರ್ಥದ ದಿನ ಉಂಗುರ ಬದಲಾಯಿಸಿಕೊಳ್ಳುವುದು ಶಾಸ್ತ್ರದಿಂದ ಬಂದದ್ದಲ್ಲ. ಛತ್ರ, ಛಾಯಾಗ್ರಾಹಕ, ಆರತಕ್ಷತೆಗಳ ಜೊತೆಗೆ ಈಚಿನ ತಲೆಮಾರುಗಳಲ್ಲಿ ಸೇರಿಕೊಂಡದ್ದು. ಶಾಸ್ತ್ರವೇ ಇಲ್ಲದ ಮೇಲೆ ಇದೇ ಲೋಹವಾಗಬೇಕೆಂಬ ಕಟ್ಟಳೆಯೂ ಇಲ್ಲ.

ಲೋಹ ಆರಿಸಿದ್ದು ಸರಕಾರ

ಉಂಗುರದ ಲೋಹ ತೊಡುವವರ ಇಷ್ಟಕ್ಕೆ ಬಿಟ್ಟದ್ದು ಎಂದು ನಾವು ಭಾವಿಸುತ್ತೇವೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. 1813ರಲ್ಲಿ ನೆಪೋಲಿಯನ್ ವಿರುದ್ಧದ ಯುದ್ಧಕ್ಕೆ ಹಣ ಬೇಕಾದಾಗ ಪ್ರಷ್ಯಾದ ರಾಜಕುಮಾರಿ ಮರಿಯಾನ್ನೆ ಜನರ ಚಿನ್ನ ಕೇಳಿದಳು. ಕೊಟ್ಟವರಿಗೆ ಸಿಕ್ಕಿದ್ದು ಕಬ್ಬಿಣದ ಆಭರಣ. 'ಕಬ್ಬಿಣಕ್ಕಾಗಿ ಚಿನ್ನ ಕೊಟ್ಟೆ' ಎಂಬುದು ಅಂದಿನ ಘೋಷವಾಯಿತು. ಕೆಲಕಾಲ ಚಿನ್ನ ತೊಡುವುದೇ ನಾಚಿಕೆಯ ವಿಷಯವಾಗಿ, ಕಬ್ಬಿಣದ ಉಂಗುರ ಮಾನದ ಗುರುತಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ, ಆಸ್ಟ್ರಿಯಾಗಳು ಇದೇ ಘೋಷವನ್ನು ಮತ್ತೆ ಎತ್ತಿದವು.

1935ರ ಡಿಸೆಂಬರ್ 18ರಂದು ಇಟಲಿಯಲ್ಲಿ ನಡೆದದ್ದು ಇನ್ನೂ ದೊಡ್ಡ ಪ್ರಮಾಣದ್ದು. ಇಥಿಯೋಪಿಯದ ಮೇಲೆ ದಾಳಿ ಮಾಡಿದ ಮುಸೊಲಿನಿಯ ಸರಕಾರಕ್ಕೆ ರಾಷ್ಟ್ರಸಂಘ ಆರ್ಥಿಕ ದಿಗ್ಬಂಧನ ಹಾಕಿತ್ತು. ಮದುವೆಯ ಉಂಗುರಗಳನ್ನು ದೇಶಕ್ಕೆ ಒಪ್ಪಿಸಿ ಎಂದು ಸರಕಾರ ಕರೆ ಕೊಟ್ಟಿತು. ರಾಣಿ ಎಲೆನಾ ಮೊದಲಿಗಳಾದಳು. ಸಾವಿರಾರು ಹೆಂಗಸರು ಸಾಲುಗಟ್ಟಿ ಚಿನ್ನ ಕಳಚಿ, ಬದಲಿಗೆ ಉಕ್ಕಿನ ಉಂಗುರ ತೊಟ್ಟು ಮನೆಗೆ ಮರಳಿದರು. ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್‌ನಲ್ಲಿ ಹೊಸ ದಂಪತಿಗಳಿಗೆ ಸಿಗುತ್ತಿದ್ದುದು ಬರೀ 9 ಕ್ಯಾರೆಟ್‌ನ ತೆಳು ಉಂಗುರ. ಸ್ಫೋಟಕಗಳಿಗೆ ಬೇಕಾದ ನೈಟ್ರಿಕ್ ಆಮ್ಲದ ತಯಾರಿಕೆಗೆ ಪ್ಲಾಟಿನಂ ಅಗತ್ಯವಾದ್ದರಿಂದ ಅಮೆರಿಕ 1942ರಲ್ಲಿ ಆಭರಣಕ್ಕೆ ಅದನ್ನು ಬಳಸದಂತೆ ತಡೆಯಿತು. ಅದರ ಜಾಗಕ್ಕೆ ಬಿಳಿ ಚಿನ್ನ ಬಂತು.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 1962ರ ಚೀನಾ ಯುದ್ಧದ ಬೆನ್ನಲ್ಲೇ, 1963ರ ಜನವರಿಯಲ್ಲಿ, ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಆಭರಣ ಮಾಡುವುದು ಅಪರಾಧವಾಯಿತು. ಚಿನ್ನದ ಮೋಹ ಇಳಿದರೆ ಕಳ್ಳಸಾಗಣೆಯೂ ಇಳಿಯುತ್ತದೆ, ವಿದೇಶಿ ವಿನಿಮಯ ಉಳಿಯುತ್ತದೆ ಎಂಬುದು ಎಣಿಕೆ. ಆದರೆ 14 ಕ್ಯಾರೆಟ್ ಚಿನ್ನ ಗಡುಸು. ಚೊಕ್ಕ ಚಿನ್ನವನ್ನು ಎಳೆದು, ಬಡಿದು, ಕುಸುರಿ ಮಾಡಿ ಬದುಕುತ್ತಿದ್ದ ಅಕ್ಕಸಾಲಿಗರ ಕೈಗೆ ಅದು ಬಗ್ಗಲಿಲ್ಲ. ಕೊಳ್ಳುವವರಿಗೆ ಅದರ ಬಣ್ಣ ಹಿಡಿಸಲಿಲ್ಲ. ದೇಶದಾದ್ಯಂತ ಕುಲುಮೆಗಳು ಆರಿದವು. ಹೊಟ್ಟೆಪಾಡು ತಪ್ಪಿ ಪ್ರಾಣ ಕಳೆದುಕೊಂಡ ಅಕ್ಕಸಾಲಿಗರ ಸುದ್ದಿಗಳು ಆ ವರ್ಷ ಸಂಸತ್ತಿನವರೆಗೂ ಹೋದವು. ಕೆಲವೇ ವರ್ಷಗಳಲ್ಲಿ ಕ್ಯಾರೆಟ್ ಮಿತಿ ಸಡಿಲಿತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯಿದೆ ಮಾತ್ರ 1990ರವರೆಗೂ ಬಾಳಿತು.

ಕ್ಯಾರೆಟ್ ಲೆಕ್ಕ

ಅಪರಂಜಿ ಎಂದರೆ 24 ಕ್ಯಾರೆಟ್. ಅದು ಉಗುರಿಗೂ ಗೀರು ಬೀಳುವಷ್ಟು ಮೆದು. ದಿನನಿತ್ಯದ ಉಂಗುರಕ್ಕೆ ಒದಗುವುದಿಲ್ಲ. ಅದಕ್ಕೇ ತಾಮ್ರ, ಬೆಳ್ಳಿ ಬೆರೆಸುತ್ತಾರೆ. 24 ಪಾಲಿನಲ್ಲಿ 22 ಪಾಲು ಚಿನ್ನವಿದ್ದರೆ 22 ಕ್ಯಾರೆಟ್, ಅಂದರೆ ಸಾವಿರಕ್ಕೆ 916 ಪಾಲು. 18 ಕ್ಯಾರೆಟ್ ಎಂದರೆ ಸಾವಿರಕ್ಕೆ 750. 14 ಕ್ಯಾರೆಟ್ ಎಂದರೆ 585. ತಾಮ್ರ ಹೆಚ್ಚಿದರೆ ಕೆಂಪು ಛಾಯೆ, ಬೆಳ್ಳಿ ಹೆಚ್ಚಿದರೆ ತೆಳು ಹಳದಿ. ಬೆರಕೆ ಹೆಚ್ಚಿದಷ್ಟೂ ಸಾಮಾನ್ಯವಾಗಿ ಉಂಗುರ ಗಟ್ಟಿ. ಹೆಂಗಸರ ಕಿವಿಯೋಲೆಗೆ ಸೊಗಸಾಗಿ ಒಪ್ಪುವ 22 ಕ್ಯಾರೆಟ್, ಸ್ಕೂಟರ್‌ನ ಹಿಡಿ, ಬಸ್ಸಿನ ಕಂಬಿ, ನೀರಿನ ಕೊಡಗಳಿಗೆ ದಿನವೂ ತಾಗುವ ಬೆರಳಿನಲ್ಲಿ ಬೇಗ ನುಗ್ಗಾಗಿ ಸವೆಯುತ್ತದೆ. ಯೂರೋಪಿನ ಗಂಡಸರ ಉಂಗುರಗಳು ಬಹುಪಾಲು 18 ಅಥವಾ 14 ಕ್ಯಾರೆಟ್‌ನವಾಗಿರಲು ಇದೂ ಒಂದು ಕಾರಣ.

ನಮ್ಮವರು 22 ಕ್ಯಾರೆಟ್ ಬಿಡದಿರುವುದಕ್ಕೂ ಕಾರಣವಿದೆ. ಉಂಗುರ ನಮಗೆ ಒಡವೆ ಮಾತ್ರವಲ್ಲ, ಆಪದ್ಧನ. ಕಷ್ಟ ಬಂದ ದಿನ ಅದು ಗಿರವಿ ಅಂಗಡಿಗೆ ಹೋಗಬೇಕು. ಆದರೆ ಇಲ್ಲಿ ಒಂದು ತಪ್ಪು ಎಣಿಕೆ ಇದೆ. 18 ಕ್ಯಾರೆಟ್‌ನ ಉಂಗುರದಲ್ಲಿ ಇರುವ ಚಿನ್ನಕ್ಕೂ ಬೆಲೆ ಇದ್ದೇ ಇದೆ. ಕೊಳ್ಳುವಾಗ ಕಡಿಮೆ ಕೊಟ್ಟಿರುತ್ತೇವೆ, ಮಾರುವಾಗ ಕಡಿಮೆ ಪಡೆಯುತ್ತೇವೆ. ನಿಜವಾಗಿ ಕಳೆದುಹೋಗುವುದು ಮಜೂರಿ ಮತ್ತು ಸವಕಲಿನ ಹಣ. ಅದು ಯಾವ ಕ್ಯಾರೆಟ್‌ನಲ್ಲೂ ಮರಳಿ ಬರುವುದಿಲ್ಲ. ಹೂಬಳ್ಳಿ ಕೆತ್ತಿದ ಉಂಗುರಕ್ಕಿಂತ ಸಾದಾ ಬಳೆಯುಂಗುರ ಲಾಭಕರವಾಗುವುದು ಇದಕ್ಕೇ.

ಹಿಂದೆ ಶುದ್ಧತೆ ಕಾಣಲು ಒರೆಗಲ್ಲೇ ಗತಿ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಹುಟ್ಟಿದ್ದು ಕೊಳ್ಳುವವನ ಈ ಅಸಹಾಯಕತೆಯಿಂದ. 2000ದಲ್ಲಿ ಭಾರತೀಯ ಮಾನಕ ಸಂಸ್ಥೆ ಚಿನ್ನಕ್ಕೆ ಹಾಲ್‌ಮಾರ್ಕ್ ಆರಂಭಿಸಿತು. 2021ರ ಜೂನ್‌ನಿಂದ 256 ಜಿಲ್ಲೆಗಳಲ್ಲಿ ಅದು ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಯ ಮೇಲೂ ಅಕ್ಷರ, ಅಂಕಿ ಬೆರೆತ ಆರು ಸ್ಥಾನಗಳ ಗುರುತು ಸಂಖ್ಯೆ ಇರಬೇಕು. ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ಶುದ್ಧತೆ ತಿಳಿಯುತ್ತದೆ. ಉಂಗುರದ ಒಳಮೈಯಲ್ಲಿ ಮೂರು ಗುರುತು ಹುಡುಕಿ: ಸಂಸ್ಥೆಯ ಚಿಹ್ನೆ, ಶುದ್ಧತೆಯ ಅಂಕಿ, ಆರು ಸ್ಥಾನದ ಸಂಖ್ಯೆ. ಎರಡು ಗ್ರಾಂಗಿಂತ ಕಡಿಮೆ ತೂಕದವಕ್ಕೆ ಕಡ್ಡಾಯವಿಲ್ಲ ಎಂಬುದನ್ನೂ ನೆನಪಿಡಬೇಕು.

ಇನ್ನು 'ಕೆಡಿಎಂ' ಎಂಬ ಮಾತು ಈಗಲೂ ಅಂಗಡಿಗಳಲ್ಲಿ ಕೇಳಿಬರುತ್ತದೆ. ಅದು ಶುದ್ಧತೆಯ ಗುರುತಲ್ಲ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆಗೆ ಬಂದ ಹೆಸರು. ಬೆಸೆಯುವಾಗ ಏಳುವ ಕ್ಯಾಡ್ಮಿಯಂ ಹೊಗೆ ಅಕ್ಕಸಾಲಿಗನ ಶ್ವಾಸಕೋಶ, ಮೂತ್ರಪಿಂಡಗಳಿಗೆ ವಿಷ. ಗ್ರಾಹಕನ ಬೆರಳಿನ ಹೊಳಪಿಗೆ ಇನ್ನೊಬ್ಬನ ಉಸಿರು ತೆರಬೇಕಾಗಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಮಖಮಲ್ಲಿನ ಮೇಲಿದ್ದ ಮೂರು ಬಿಳಿಯ ಉಂಗುರಗಳಲ್ಲಿ ಒಂದು ಬೆಳ್ಳಿ, ಒಂದು ಬಿಳಿ ಚಿನ್ನ, ಒಂದು ಪ್ಲಾಟಿನಂ. ಕಣ್ಣಿಗೆ ಮೂರೂ ಒಂದೇ. ಕೈಯಲ್ಲಿ ಹಿಡಿದರೆ ಗುಟ್ಟು ಬಯಲು. ಒಂದೇ ಅಚ್ಚಿನಲ್ಲಿ 22 ಕ್ಯಾರೆಟ್ ಚಿನ್ನದ ಉಂಗುರ ಏಳು ಗ್ರಾಂ ತೂಗಿದರೆ, ಪ್ಲಾಟಿನಂನದು ಎಂಟು ಗ್ರಾಂ ದಾಟುತ್ತದೆ. ಬೆಳ್ಳಿಯದು ನಾಲ್ಕರ ಹತ್ತಿರ ನಿಲ್ಲುತ್ತದೆ.

ಬಿಳಿ ಚಿನ್ನ ಬೇರೆ ಲೋಹವಲ್ಲ. ಚಿನ್ನಕ್ಕೆ ಪಲ್ಲಾಡಿಯಂ ಅಥವಾ ನಿಕ್ಕಲ್ ಬೆರೆಸಿ, ಮೇಲೆ ರೋಡಿಯಂ ಲೇಪಿಸಿದ್ದು. ಕೆಲವು ವರ್ಷಗಳಲ್ಲಿ ಲೇಪ ಸವೆದು ಒಳಗಿನ ಮಾಸಲು ಹಳದಿ ಇಣುಕುತ್ತದೆ. ಮತ್ತೆ ಲೇಪ ಹಾಕಿಸಬೇಕು. ನಿಕ್ಕಲ್ ಕೆಲವರ ಚರ್ಮಕ್ಕೆ ಆಗದು, ತುರಿಕೆ ಏಳುತ್ತದೆ. ಕೊಳ್ಳುವ ಮುನ್ನ ಒಳಗೆ ಏನು ಬೆರೆತಿದೆ ಎಂದು ಕೇಳುವುದು ಲೇಸು.

ಪ್ಲಾಟಿನಂ ಕರಗಲು 1,768 ಡಿಗ್ರಿ ಸೆಲ್ಸಿಯಸ್ ಬೇಕು. ಚಿನ್ನಕ್ಕೆ 1,064 ಸಾಕು. ಆದ್ದರಿಂದ ಊರಿನ ಎಲ್ಲ ಅಕ್ಕಸಾಲಿಗರೂ ಇದನ್ನು ಮುಟ್ಟುವುದಿಲ್ಲ, ಮಜೂರಿಯೂ ಹೆಚ್ಚು. ಗೀರು ಬಿದ್ದಾಗ ಪ್ಲಾಟಿನಂ ಉದುರುವುದಕ್ಕಿಂತ ಪಕ್ಕಕ್ಕೆ ಸರಿಯುತ್ತದೆ, ಹಾಗಾಗಿ ತೂಕ ಕಳೆದುಕೊಳ್ಳುವುದು ಕಡಿಮೆ. ಶ್ರೀಮಂತರ ಲೋಹವೆಂಬ ಹೆಸರು ಇನ್ನೂ ಅಂಟಿಕೊಂಡಿದ್ದರೂ 2015ರ ಆಸುಪಾಸಿನಿಂದ ಜಾಗತಿಕ ಪೇಟೆಯಲ್ಲಿ ಅದರ ಬೆಲೆ ಚಿನ್ನಕ್ಕಿಂತ ಕೆಳಗೆ ಬಂದಿದೆ. ಆದರೆ ಮರಳಿ ಮಾರಲು ಹೋದರೆ ಚಿನ್ನಕ್ಕೆ ಸಿಗುವಷ್ಟು ಗಿರಾಕಿಗಳು ಇದಕ್ಕೆ ಸಿಗುವುದಿಲ್ಲ.

ಬೆಳ್ಳಿಯ ಮಾತೇ ಬೇರೆ. ಇಸ್ಲಾಂನಲ್ಲಿ ಪುರುಷರಿಗೆ ಚಿನ್ನ ನಿಷಿದ್ಧ. ಪ್ರವಾದಿಯವರು ಬೆಳ್ಳಿಯ ಮುದ್ರೆಯುಂಗುರ ತೊಡುತ್ತಿದ್ದರೆಂದು ಹದೀಸ್‌ಗಳು ಹೇಳುತ್ತವೆ. ಆದ್ದರಿಂದ ಧರ್ಮನಿಷ್ಠ ಮುಸ್ಲಿಂ ವರನಿಗೆ ಬೆಳ್ಳಿಯೇ ಸಹಜ ಆಯ್ಕೆ. ಬಣ್ಣ ಬದಲಾದ ಮಾತ್ರಕ್ಕೆ ಬಿಳಿ ಚಿನ್ನ ಚಿನ್ನವಲ್ಲದೆ ಹೋಗುವುದಿಲ್ಲ ಎಂಬುದನ್ನು ಉಡುಗೊರೆ ಕೊಡುವವರು ತಿಳಿದಿರಬೇಕು. ಆಭರಣದ ಬೆಳ್ಳಿ ಸಾಮಾನ್ಯವಾಗಿ ಸಾವಿರಕ್ಕೆ 925 ಪಾಲಿನದು. ಗಾಳಿಯ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ. ಒಂದು ಚಿಟಿಕೆ ವಿಭೂತಿ ಹಚ್ಚಿ ಉಜ್ಜಿದರೆ ಮತ್ತೆ ಬೆಳಗುತ್ತದೆ.

ಕಾರ್ಖಾನೆಯಿಂದ ಬಂದ ಲೋಹಗಳು

ಈಚೆಗೆ ಬಂದ ಮೂರು ಉಂಗುರಗಳು ಅಕ್ಕಸಾಲಿಯ ಕುಲುಮೆಯಿಂದ ಬಂದವಲ್ಲ. ತುಕ್ಕು ಹಿಡಿಯದ ಉಕ್ಕು ಅಗ್ಗ, ಗಟ್ಟಿ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಪತ್ತೆಯಾದ ಟೈಟಾನಿಯಂ ವಿಮಾನದ ಬಿಡಿಭಾಗಗಳಿಗೂ, ಮೂಳೆ ಜೋಡಿಸುವ ತಿರುಪುಗಳಿಗೂ ಬಳಕೆಯಾಗುವ ಲೋಹ. ಮೈಗೆ ಒಗ್ಗುತ್ತದೆ, ತೀರಾ ಹಗುರ. ಚಿನ್ನದ ಉಂಗುರ ಏಳು ಗ್ರಾಂ ತೂಗುವಲ್ಲಿ ಇದು ಎರಡು ಗ್ರಾಂ ಸಹ ತೂಗದು. ಮೂರನೆಯದು ಟಂಗ್‌ಸ್ಟನ್ ಕಾರ್ಬೈಡ್. ಅಣ್ಣ ಇದರ ಹೆಸರು ಕೇಳಿ ನಕ್ಕ. ಅವನು ದಿನವೂ ಉಕ್ಕು ಕೊರೆಯುವ ಹತಾರದ ತುದಿಯಲ್ಲಿ ಇರುವುದು ಇದೇ! ಗೀರು ಬೀಳುವುದು ಅಪರೂಪ. ಆದರೆ ಇದು ಬಾಗದು. ಕಲ್ಲಿನ ಮೇಲೆ ಬಿದ್ದರೆ ಬಳಪದಂತೆ ಸಿಡಿಯಬಹುದು.

ಈ ಲೋಹಗಳ ದೊಡ್ಡ ಕೊರತೆ ಎಂದರೆ ಹಿಗ್ಗಿಸಲು, ಕುಗ್ಗಿಸಲು ಕಷ್ಟ. ಕಾರ್ಬೈಡಿನದಂತೂ ಸಾಧ್ಯವೇ ಇಲ್ಲ. ಇಪ್ಪತ್ತೈದರ ಬೆರಳು ಐವತ್ತರಲ್ಲಿ ಹಾಗೆಯೇ ಇರುವುದಿಲ್ಲ. ಚಿನ್ನದ ಉಂಗುರವನ್ನಾದರೆ ಅಕ್ಕಸಾಲಿ ಅರ್ಧ ಗಂಟೆಯಲ್ಲಿ ಸರಿಮಾಡಿಕೊಡುತ್ತಾನೆ. ಇವುಗಳಿಗೆ ಮರುಮಾರಾಟದ ಬೆಲೆಯೂ ಇಲ್ಲವೆನ್ನಬಹುದು.

ಬೆರಳು ಮೊದಲು, ಉಂಗುರ ಆಮೇಲೆ

ಯಾವ ಲೋಹವಾದರೂ ತಿರುಗುವ ಯಂತ್ರಕ್ಕೆ, ಲಾರಿಯ ಹಿಂಬದಿಯ ಕೊಂಡಿಗೆ, ಗೇಟಿನ ಮೊಳೆಗೆ ಸಿಕ್ಕಿದರೆ ಉಂಗುರದ ಜೊತೆ ಬೆರಳಿನ ಚರ್ಮ, ಮಾಂಸವೇ ಕಿತ್ತು ಬರಬಹುದು. ವೈದ್ಯರು ಇದಕ್ಕೆ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ವಾಹನದ ಬ್ಯಾಟರಿಯ ಎರಡು ತುದಿಗಳ ನಡುವೆ ಉಂಗುರ, ಸ್ಪ್ಯಾನರ್ ಸಿಕ್ಕಿದರೆ ಕ್ಷಣದಲ್ಲಿ ಉಂಗುರ ಕಾದು ಬೆರಳು ಸುಡುತ್ತದೆ. ಯಂತ್ರ, ವಿದ್ಯುತ್ತಿನ ಕೆಲಸದವರು ಉಂಗುರ ಕಳಚಿಟ್ಟೇ ಕೆಲಸಕ್ಕೆ ನಿಲ್ಲಬೇಕು. ಕತ್ತಿನ ದಾರದಲ್ಲಿ ಕಟ್ಟಿಕೊಳ್ಳುವುದೂ ಯಂತ್ರದ ಬಳಿ ಅಪಾಯವೇ. ಮನೆಯಲ್ಲೋ ಬೀಗ ಹಾಕಿದ ಪೆಟ್ಟಿಗೆಯಲ್ಲೋ ಇಡುವುದು ಸರಿ.

ಬೆರಳು ಊದಿ ಉಂಗುರ ಸಿಕ್ಕಿಕೊಂಡರೆ ಗಾಬರಿ ಬೇಡ. ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದು, ತಣ್ಣೀರಿನಲ್ಲಿ ಅದ್ದಿ, ಸಾಬೂನು ಹಚ್ಚಿ ಮೆಲ್ಲನೆ ತಿರುಗಿಸಬೇಕು. ಆಗದಿದ್ದರೆ ನಯವಾದ ದಾರದ ತುದಿಯನ್ನು ಉಂಗುರದ ಅಡಿಯಿಂದ ತೂರಿಸಿ, ಉಂಗುರದಿಂದ ಬೆರಳಿನ ತುದಿಯ ಕಡೆಗೆ ಒತ್ತೊತ್ತಾಗಿ ಸುತ್ತಿ, ಒಳಗಿನ ತುದಿಯಿಂದ ಬಿಚ್ಚುತ್ತ ಬಂದರೆ ಉಂಗುರ ಸರಿಯುತ್ತದೆ. ಬೆರಳು ನೀಲಿಗಟ್ಟಿದರೆ, ಮರಗಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಚಿನ್ನ, ಬೆಳ್ಳಿಗಳನ್ನು ಚಿಕ್ಕ ಗರಗಸದಿಂದ ಸುಲಭವಾಗಿ ಕತ್ತರಿಸುತ್ತಾರೆ. ಟೈಟಾನಿಯಂ ಹೆಚ್ಚು ಹೊತ್ತು ಹಿಡಿಯುತ್ತದೆ. ಟಂಗ್‌ಸ್ಟನ್ ಕಾರ್ಬೈಡನ್ನು ಕತ್ತರಿಸಲಾಗದು, ಇಕ್ಕಳದಲ್ಲಿ ಒತ್ತಿ ಒಡೆಯಬೇಕು. ಅದನ್ನು ತೊಟ್ಟವರು ವೈದ್ಯರಿಗೆ ಮೊದಲೇ ಹೇಳುವುದು ಒಳ್ಳೆಯದು.

ಯಾರ ಹಣ, ಯಾರ ಉಂಗುರ?

ಕಡೆಯ ಪ್ರಶ್ನೆ ಲೋಹದ್ದಲ್ಲ. ವರನ ಉಂಗುರದ ಹಣವನ್ನು ನಮ್ಮಲ್ಲಿ ಬಹುತೇಕ ಹೆಣ್ಣಿನ ಮನೆಯವರೇ ತೆರುತ್ತಾರೆ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಮೊದಲ ಬಾರಿಗೆ ಒಂದು ಲಕ್ಷ ರೂಪಾಯಿ ಮುಟ್ಟಿತು. ಎಂಟು ಗ್ರಾಂ ಎಂಬುದು ಇನ್ನು ಸಣ್ಣ ಮಾತಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಕೇಳದೆ ಕೊಟ್ಟ ಉಡುಗೊರೆಯನ್ನು ತಡೆಯುವುದಿಲ್ಲ. ಆದರೆ ಅದನ್ನು ಪಟ್ಟಿಯಲ್ಲಿ ಬರೆದಿಡಬೇಕು, ವರನಿಗೆ ಹೆಣ್ಣಿನ ಕಡೆಯಿಂದ ಬರುವುದು ವಾಡಿಕೆಯದಾಗಿರಬೇಕು, ಕೊಡುವವರ ಶಕ್ತಿ ಮೀರಿರಬಾರದು ಎನ್ನುತ್ತದೆ. 'ಪ್ಲಾಟಿನಂ ಆದರೆ ಚೆನ್ನ' ಎಂದು ಗಂಡಿನ ಕಡೆಯವರು ಆಡುವ ಒಂದು ಮಾತು ಎಲ್ಲಿ ಆಸೆ, ಎಲ್ಲಿ ಬೇಡಿಕೆ ಎಂದು ಬಿಡಿಸಿ ಹೇಳುವುದು ಹೆಣ್ಣಿನ ತಂದೆಗೆ ಕಷ್ಟ.

ಅಂಗಡಿಯಲ್ಲಿ ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತುಸು ಕೆಂಪಾಗಿದ್ದ 18 ಕ್ಯಾರೆಟ್‌ನ ಉಂಗುರ ಎತ್ತಿಕೊಂಡು, "ಮಾವ, ಇದನ್ನೇ ತೆಳುವಾಗಿ ನಾಲ್ಕು ಗ್ರಾಂನಲ್ಲಿ ಎರಡು ಮಾಡಿಸೋಣ. ನನ್ನದು ನೀವು ಕೊಡಿ, ಅವಳದ್ದು ನಾವು ಕೊಡ್ತೀವಿ" ಎಂದ. ಮಾವ ಒಪ್ಪಲಿಲ್ಲ. ಬಂಧುಗಳ ಮುಂದೆ ತೆಳು ಉಂಗುರ ಹೇಗೆ ತೊಡಿಸುವುದು ಎಂಬ ಸಂಕೋಚ ಅವರಿಗೆ. "ಯಂತ್ರದ ಮುಂದೆ ಹೇಗಿದ್ರೂ ಬಿಚ್ಚಿಡ್ತೀನಿ ಮಾವ. ಬಿಚ್ಚಿಡೋ ಉಂಗುರಕ್ಕೆ ನೀವು ಬಡ್ಡಿ ಕಟ್ಟೋದು ಬೇಡ" ಎಂದ ಅಣ್ಣ.

ಅಂಗಡಿಯವರು ಎರಡು ಬೆರಳಿನ ಅಳತೆ ಬರೆದುಕೊಂಡರು. ಮಧ್ಯಾಹ್ನದ ಸೆಕೆಗೆ ಬೆರಳು ತುಸು ಊದಿರುತ್ತದೆ, ಇನ್ನೊಮ್ಮೆ ಬೆಳಿಗ್ಗೆ ಬನ್ನಿ ಎಂದರು. ಹೊರಗೆ ಬಂದ ಮೇಲೆ ಮಾವ ಏನೂ ಹೇಳಲಿಲ್ಲ. ಬಸ್ ನಿಲ್ದಾಣದವರೆಗೂ ಅಣ್ಣನ ಕೈ ಹಿಡಿದುಕೊಂಡೇ ನಡೆದರು.